ಝರ್ರೆಂಬ ಸದ್ದೂ ಸೊಸೈಟಿಯ ಸೆಕ್ರೆಟರಿಯೂ

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನವರಿಗೆ ನಾನು ಏನು ಕೆಲಸ ಮಾಡುತ್ತೇನೆಂದು ತಿಳಿಯಲು ಹನ್ನೊಂದು ವರ್ಷ ಬೇಕಾಯಿತು. ತಿಳಿದದ್ದೂ ತಪ್ಪಾಗಿಯೇ. ಕಪ್ಪು ಟೀ ಶರ್ಟು ತೊಟ್ಟು, ಬೆನ್ನಿಗೆ ದೊಡ್ಡ ಬ್ಯಾಗು ಏರಿಸಿಕೊಂಡು ಊರೂರು ಸುತ್ತುವ ಹೆಣ್ಣುಮಗಳು ಹಾಡುವವಳೇ ಇರಬೇಕೆಂದು ಎರಡನೇ ಮಹಡಿಯವರು ತೀರ್ಮಾನಿಸಿ, ಗಣಪತಿ ಕೂಡಿಸಿದಾಗ ಆರತಿ ಹಾಡಲು ಕರೆದರು. ಹೋಗಿ ಹಾಡಿದೆ. ಆಮೇಲೆ ಯಾರೂ ಕರೆಯಲಿಲ್ಲ.

ನನ್ನ ಅವ್ವ ಇಂಡಿ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ನೆಂಟರು ಕೇಳಿದರೆ "ಮೈಕಿನ ಕೆಲಸ ಮಾಡ್ತಾಳ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಇದರ ಫಲವಾಗಿ ಬಳಗದಲ್ಲಿ ಯಾರ ಮದುವೆಯಾದರೂ ಸರಿ, ಮೈಕು ಕುಂಯ್ ಎಂದರೆ ಸಾಕು, ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವ ನನ್ನನ್ನು ಎಬ್ಬಿಸಿ ಕರೆದೊಯ್ಯುತ್ತಾರೆ.

ನಿಜವಾದ ಕೆಲಸ ಇಷ್ಟು: ರಾಕ್ ಬ್ಯಾಂಡುಗಳು ಪ್ರವಾಸ ಹೊರಟಾಗ ಅವರ ಜೊತೆ ಹೋಗುವುದು, ಸಭೆಯ ಹಿಂಭಾಗದಲ್ಲಿ ಮಿಕ್ಸರಿನ ಮುಂದೆ ನಿಂತು, ವೇದಿಕೆಯ ಮೇಲಿನ ವಾದ್ಯಗಳು ಒಂದನ್ನೊಂದು ನುಂಗದ ಹಾಗೆ ನೋಡಿಕೊಳ್ಳುವುದು. ಎಲ್ಲ ಸರಿಯಿದ್ದರೆ ನಾನೊಬ್ಬಳು ಅಲ್ಲಿದ್ದೇನೆಂದು ಯಾರಿಗೂ ಗೊತ್ತಾಗುವುದಿಲ್ಲ. ಒಂದು ಕ್ಷಣ ಏನಾದರೂ ಎಡವಟ್ಟಾದರೆ ಇಡೀ ಸಭೆ ಒಟ್ಟಿಗೆ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತದೆ. ಬೇರೆ ಕೆಲಸಗಳಲ್ಲಿ ಜನ ಹೆಸರು ಬರಲಿ ಎಂದು ಬೇಡಿಕೊಳ್ಳುತ್ತಾರೆ. ನಾನು ಯಾರೂ ಹಿಂದಕ್ಕೆ ತಿರುಗದಿರಲಿ ಎಂದು ಬೇಡಿಕೊಳ್ಳುತ್ತೇನೆ.

ಕಳೆದ ವರ್ಷ ಬೆಂಗಳೂರಿನ ಮೂವರು ಹುಡುಗರ ಬ್ಯಾಂಡಿನ ಜೊತೆ ಹೀಗೆಯೇ ಹೊರಟಿದ್ದೆ. ಒಬ್ಬ ಹಾಡುತ್ತಲೇ ಬೇಸ್ ಗಿಟಾರು ಬಾರಿಸುತ್ತಿದ್ದ, ಇನ್ನೊಬ್ಬ ಗಿಟಾರು, ಮತ್ತೊಬ್ಬ ಡ್ರಮ್ಮು. ಹಾಡುಗಳು ಕನ್ನಡದವು ಎಂದು ಪೋಸ್ಟರಿನಲ್ಲಿ ಬರೆದಿತ್ತು. ಹುಬ್ಬಳ್ಳಿಯಲ್ಲಿ ಕಾರ್ಯಕ್ರಮ ಚೆನ್ನಾಗಿ ಆಯಿತು. ಮುಂದೆ ಪುಣೆ, ಆಮೇಲೆ ನಮ್ಮ ಕಡೆ ಮೂರು: ಠಾಣೆ, ಕಲ್ಯಾಣ, ವಾಶಿ.

ಪುಣೆಯಲ್ಲಿ ತೊಂದರೆ ಶುರುವಾಯಿತು. ಗಿಟಾರಿನವನು ದಪ್ಪ ತಂತಿಯ ಮೇಲೆ ಒಂದು ನಿರ್ದಿಷ್ಟ ಸ್ವರ ಮೀಟಿದಾಗಲೆಲ್ಲ ಎಲ್ಲಿಂದಲೋ ಝರ್ರ್ ಎಂಬ ಸದ್ದು. ಬಾಟಲಿಯೊಳಗೆ ಜೇನುನೊಣ ಸಿಕ್ಕಿಕೊಂಡ ಹಾಗೆ. ಬೇರೆ ಸ್ವರಕ್ಕೆ ಇಲ್ಲ, ಅದೊಂದಕ್ಕೇ. ಕೇಬಲ್ಲುಗಳನ್ನೆಲ್ಲ ಬದಲಿಸಿದೆ, ಮೈಕು ಬದಲಿಸಿದೆ, ಕರೆಂಟಿನ ಪ್ಲಗ್ಗು ಬೇರೆ ಕಡೆಗೆ ಹಾಕಿಸಿದೆ. ಝರ್ರ್ ಹೋಗಲಿಲ್ಲ. ಕೊನೆಗೆ ಅನುಮಾನ ಡ್ರಮ್ಮಿನವನ ಮೇಲೆ ಬಂತು. ಅವನ ಮುಂದಿರುವ ಚಿಕ್ಕ ಡ್ರಮ್ಮಿನ ತಳದಲ್ಲಿ ಉಕ್ಕಿನ ತಂತಿಗಳಿರುತ್ತವೆ. ಪಕ್ಕದಲ್ಲಿ ಯಾರು ಏನು ಬಾರಿಸಿದರೂ ಅವು ತಾವಾಗಿ ಅದುರುತ್ತವೆ. "ಇದೇ ಕಳ್ಳ" ಎಂದು ಘೋಷಿಸಿ, ಅವನ ಡ್ರಮ್ಮಿಗೆ ಟೇಪು ಸುತ್ತಿಸಿದೆ, ತುಂಡು ಕಂಬಳಿ ತುರುಕಿಸಿದೆ. ಅವನು "ನನ್ ಡ್ರಮ್ ಅಲ್ಲ ಅಕ್ಕ, ನಂಗೊತ್ತು" ಎಂದ. ಎಲ್ಲ ಡ್ರಮ್ಮಿನವರೂ ಹಾಗೇ ಹೇಳುವುದು ಎಂದೆ. ಅಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟ. ಪುಣೆಯಿಂದ ಠಾಣೆಗೆ ಬರುವಾಗ ವ್ಯಾನಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದವನು, ಕಿಟಕಿ ಮುಚ್ಚಲು ಹೇಳಬೇಕಾದಾಗ ಮುಂದಿನ ಸೀಟಿನ ಹಾಡುವವನಿಗೆ ಹೇಳಿ, ಅವನು ಹಿಂದಕ್ಕೆ ತಿರುಗಿ ನನಗೆ ಹೇಳಬೇಕಾಯಿತು.

ಠಾಣೆಯ ಕಾರ್ಯಕ್ರಮ ಇದ್ದದ್ದು ಘೋಡಬಂದರ್ ರಸ್ತೆಯ ಒಂದು ಮಾಲಿನ ಅಂಗಳದಲ್ಲಿ. ಸಂಜೆ ಆರಕ್ಕೆ ಶುರು. ಮಧ್ಯಾಹ್ನ ಮೂರಕ್ಕೆ ನಾವು ಸೌಂಡ್ ಚೆಕ್ ಮಾಡುತ್ತಿದ್ದೆವು, ಅಂದರೆ ಒಂದೊಂದೇ ವಾದ್ಯ ಬಾರಿಸಿ ಹದ ನೋಡುವುದು. ಅಂಗಳದ ಎದುರಿಗೇ ಒಂದು ದೊಡ್ಡ ಹೌಸಿಂಗ್ ಕಾಂಪ್ಲೆಕ್ಸು. ಹತ್ತು ನಿಮಿಷವಾಗಿರಲಿಲ್ಲ, ಅದರ ಗೇಟಿನಿಂದ ಒಬ್ಬ ಹಿರಿಯರು ಹೊರಟು ರಸ್ತೆ ದಾಟಿ ನೇರ ನನ್ನ ಕಡೆಗೇ ಬಂದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಮುಂದಕ್ಕೆ ಚಾಚಿದ ಕೈಯಲ್ಲಿ ಮೊಬೈಲು. ಆ ಮೊಬೈಲಿನಲ್ಲಿ ಸದ್ದಿನ ಅಳತೆ ತೋರಿಸುವ ಆಪು.

"ಅಹೋ ಮ್ಯಾಡಮ್, ಹೇ ಬಂದ್ ಕರಾ" ಎಂದು ಮರಾಠಿಯಲ್ಲಿ, ಇದನ್ನು ನಿಲ್ಲಿಸಿ ಎಂದರು. ತಾನು ಎದುರಿನ ಸೊಸೈಟಿಯ ಸೆಕ್ರೆಟರಿ ಎಂದೂ, ನೂರಾ ಎಂಬತ್ತು ಫ್ಲಾಟುಗಳ ಪರವಾಗಿ ಬಂದಿದ್ದೇನೆಂದೂ ತಿಳಿಸಿದರು. ಮಾಲಿನವರು ಅನುಮತಿ ಪತ್ರ ಪಡೆದಿದ್ದಾರೆ ಎಂದು ನಾನು ಮರಾಠಿಯಲ್ಲೇ ಹೇಳಿದೆ. ಪತ್ರಕ್ಕೆ ಕಿವಿ ಇರುವುದಿಲ್ಲ ಎಂದರು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅವ್ವ. ಅವಳ ಫೋನು ಎತ್ತದಿದ್ದರೆ ಆಗುವ ರಂಪ ಸೆಕ್ರೆಟರಿಯ ರಂಪಕ್ಕಿಂತ ದೊಡ್ಡದು. ಎತ್ತಿ, "ಹ್ಞೂಂ ಅವ್ವಾ, ಊಟ ಆಗೇತಿ. ಇಲ್ಲಿ ಒಬ್ರು ಜಗಳಕ್ಕ ಬಂದಾರ, ಆಮ್ಯಾಲ ಮಾಡ್ತೀನಿ" ಎಂದು ಇಟ್ಟೆ.

ಹಿರಿಯರು ಮೊಬೈಲು ಕೆಳಗಿಳಿಸಿದರು.

"ವಿಜಾಪುರದ ಕಡ್ಯಾವ್ರೇನು?"

ಜಗಳಕ್ಕೆ ಬಂದಿದ್ದಾರೆ ಎಂದದ್ದು ಅವರಿಗೆ ತಿಳಿದುಹೋಗಿತ್ತು. "ಹೌದ್ರಿ ಕಾಕಾ. ಇಂಡಿ."

"ನಂದು ಸಿಂದಗಿ. ಚಲೋ ಆತು ಬಿಡು ತಂಗಿ. ಮರಾಠಿಯೊಳಗ ಬೈಯಾಕ ನನಗ ಅಷ್ಟು ಸರಿ ಬರೂದಿಲ್ಲ. ಈಗ ಕನ್ನಡದಾಗ ಬೈತೀನಿ."

ಬೈದರು. ಐದು ನಿಮಿಷ, ಒಂದು ಮಾತೂ ಎರಡು ಸಲ ಬಾರದ ಹಾಗೆ.

ಇಂಥ ಹೊತ್ತಿಗೆಂದು ನಮ್ಮ ಕಸುಬಿನಲ್ಲಿ ಒಂದು ಹಳೆಯ ಉಪಾಯವಿದೆ. ಮಿಕ್ಸರಿನಲ್ಲಿ ಮೇಲೆ ಕೆಳಗೆ ಜಾರುವ ಗುಂಡಿಗಳ ಸಾಲು ಇರುತ್ತದಲ್ಲ, ಅವುಗಳಲ್ಲಿ ಯಾವುದಕ್ಕೂ ಸಂಬಂಧವಿಲ್ಲದ ಒಂದನ್ನು ಬಿಟ್ಟಿರುತ್ತೇವೆ. ತಕರಾರು ತಂದವರಿಗೆ ಅದನ್ನು ತೋರಿಸಿ, "ಇದು ನಿಮಗಾಗಿಯೇ, ಎಷ್ಟು ಬೇಕೋ ಅಷ್ಟು ಇಳಿಸಿಕೊಳ್ಳಿ" ಎನ್ನುವುದು. ಅವರು ಇಳಿಸುತ್ತಾರೆ. "ಈಗ ಎಷ್ಟೋ ಪರವಾಗಿಲ್ಲ" ಎಂದು ಹೇಳಿ ಹೋಗುತ್ತಾರೆ. ಒಬ್ಬ ಗಿಟಾರಿಸ್ಟಿನ ಸೋದರಮಾವ ಒಂದಿಡೀ ಸಂಜೆ ಅದನ್ನು ಏರಿಸಿ ಇಳಿಸಿ, ಕೊನೆಗೆ ಸೌಂಡು ತಾನೇ ಮಾಡಿದ್ದೆಂದು ಊರೆಲ್ಲ ಹೇಳಿಕೊಂಡಿದ್ದ. ಕಾಕಾನಿಗೂ ಆ ಗುಂಡಿಯನ್ನೇ ತೋರಿಸಿದೆ.

ಅವರು ಒಂದು ಬೆರಳಿನಿಂದ ಅದನ್ನು ಅರ್ಧ ಇಳಿಸಿದರು. ಮೊಬೈಲು ನೋಡಲಿಲ್ಲ, ಕಣ್ಣು ಮುಚ್ಚಿ ಕತ್ತು ವಾಲಿಸಿದರು. ಮತ್ತೆ ಮೇಲೆ ಏರಿಸಿದರು. ಕಣ್ಣು ತೆರೆದು ನನ್ನನ್ನು ನೋಡಿದರು.

"ತಂಗಿ, ಇದು ಬ್ರೇಕಿನ ಪೈಪು ಕೂಡಸದ ರೈಲ್ ಡಬ್ಬಿ ಐತಿ. ಸರಪಳಿ ಜಗ್ಗಿದ್ರ ಗಾಡಿ ನಿಲ್ಲಂಗಿಲ್ಲ."

ನಾನು ಗುಂಡಿಯನ್ನು ಅಂಗೈಯಿಂದ ಮುಚ್ಚಿದೆ.

"ಕಲ್ಯಾಣ ಯಾರ್ಡಿನ್ಯಾಗ ಮೂವತ್ತಾರು ವರ್ಷ ಗಾಲಿ ಬಡದು ಕೇಳೀನಿ," ಎಂದರು. ರೈಲು ಬಂದು ನಿಂತಾಗ ಉದ್ದ ಹಿಡಿಯ ಸುತ್ತಿಗೆ ಹಿಡಿದು, ಒಂದೊಂದು ಗಾಲಿಗೂ ಟಣ್ ಎಂದು ಬಡಿಯುತ್ತ ಹೋಗುವವರನ್ನು ನಾನೂ ಚಿಕ್ಕಂದಿನಲ್ಲಿ ನೋಡಿದ್ದೆ. ಗಟ್ಟಿ ಗಾಲಿಯ ದನಿ ಬೇರೆ, ಬಿರುಕು ಬಿಟ್ಟದ್ದರ ದನಿ ಬೇರೆ. ಅವರ ಕೆಲಸ ಅದನ್ನು ಕೇಳುವುದು. ದೇಶದಲ್ಲಿ ಎಷ್ಟೋ ಜನ ಸೆಕ್ರೆಟರಿಗಳಿರುವಾಗ ಇವರೇ ಬಂದು ನನ್ನೆದುರು ನಿಲ್ಲಬೇಕೆ!

ಅಷ್ಟರಲ್ಲಿ ವೇದಿಕೆಯ ಮೇಲೆ ಗಿಟಾರಿನವನು ದಪ್ಪ ತಂತಿ ಮೀಟಿದ. ಝರ್ರ್.

ಕಾಕಾ ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. "ಏನದು?"

"ಅದು ನಾಕು ದಿನದಿಂದ ಐತ್ರಿ. ಸಿಗವಲ್ಲದು."

"ಸಿಗವಲ್ಲದು ಅಂದ್ರ? ಹಂಗ ಬಿಟ್ಟು ಓಡಸಾಕತ್ತೀರೇನು?" ಅವರ ದನಿಯಲ್ಲಿ ನೂರಾ ಎಂಬತ್ತು ಫ್ಲಾಟುಗಳ ಕೋಪ ಹೋಗಿ ಯಾರ್ಡಿನ ಕೋಪ ಬಂದಿತ್ತು. ನನ್ನ ಉತ್ತರಕ್ಕೆ ಕಾಯದೆ ವೇದಿಕೆ ಏರಿದರು. ಹುಡುಗರು ಗಾಬರಿಯಿಂದ ಬದಿಗೆ ಸರಿದರು.

"ಅಂಕಲ್, ಪ್ಲೀಸ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ಹಾಡುವವನು ಶುರುಮಾಡಿದ.

"ನೀ ಸುಮ್ನಿರು. ಏ ತಮ್ಮಾ, ಅದನ್ನ ಇನ್ನೊಮ್ಮಿ ಹೊಡಿ." ಗಿಟಾರಿನವನು ಮೀಟಿದ. ಝರ್ರ್. ಕಾಕಾ ಜೇಬಿನಿಂದ ಮನೆಯ ಬೀಗದಕೈ ಗೊಂಚಲು ತೆಗೆದು, ಮೊದಲು ಡ್ರಮ್ಮಿನ ಬಳಿ ಹೋದರು. ನಾನು ಸುತ್ತಿಸಿದ್ದ ಟೇಪು ನೋಡಿ ಹುಬ್ಬು ಏರಿಸಿ, ಅದರ ಅಂಚಿಗೆ ಕೀಲಿಯಿಂದ ಮೆಲ್ಲಗೆ ಬಡಿದರು, ಅಂಗೈ ಇಟ್ಟು ನೋಡಿದರು. "ಇದಕ್ಕ ಯಾಕ ಬ್ಯಾಂಡೇಜ್ ಕಟ್ಟೀರಿ? ಪಾಪ, ಇದು ಗಟ್ಟಿಮುಟ್ಟ ಐತಿ."

"ಕೇಳಿಸ್ತಾ ಅಕ್ಕ?" ಎಂದ ಡ್ರಮ್ಮಿನವನು. ಪುಣೆಯ ನಂತರ ಅವನು ನೇರವಾಗಿ ನನಗೆ ಆಡಿದ ಮೊದಲ ಮಾತು.

ಕಾಕಾ ಸ್ಪೀಕರುಗಳನ್ನು ಬಡಿದರು, ಮೈಕಿನ ಸ್ಟ್ಯಾಂಡುಗಳನ್ನು ಬಡಿದರು, ಕೊನೆಗೆ ಗಿಟಾರಿನವನ ಆಂಪ್ಲಿಫೈಯರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಪೆಟ್ಟಿಗೆಯಂಥ ಆ ಯಂತ್ರ ಮುಂದೆ ಬಟ್ಟೆ ಹೊದ್ದಿದ್ದರೂ ಹಿಂದೆ ಬಾಯಿ ತೆರೆದುಕೊಂಡಿತ್ತು. ಎಡಕ್ಕೆ ಬಡಿದರು, ಬಲಕ್ಕೆ ಬಡಿದರು.

"ಹೊಟ್ಟಿಯೊಳಗ ಏನೋ ಐತಿ ಇದಕ್ಕ."

ಆಗ ನಾನು ಗಿಟಾರಿನವನ ಮುಖ ನೋಡಿದೆ. ಅದು ಕದ್ದು ಸಿಕ್ಕಿಬಿದ್ದವನ ಮುಖವಾಗಿತ್ತು. ಟಾರ್ಚು ತಂದು ಹಿಂದಿನಿಂದ ಇಣುಕಿದರೆ, ಒಳಗಿನ ಮೂಲೆಯಲ್ಲಿ ಒಂದು ಸ್ಟೀಲಿನ ಡಬ್ಬಿ ನೆಟ್ಟಗೆ ಕೂತಿತ್ತು. ಕೈ ಹಾಕಿ ತೆಗೆದೆ. ಮುಚ್ಚಳ ಬಿಚ್ಚಿದರೆ ಶೇಂಗಾ ಚಟ್ನಿಪುಡಿ.

"ಹುಬ್ಬಳ್ಳಿ ದೊಡ್ಡಮ್ಮ ಕೊಟ್ಟಿದ್ದು," ಎಂದ ಗಿಟಾರಿನವನು ನೆಲ ನೋಡುತ್ತ.

"ಖಾಲಿ ಆಯ್ತು ಅಂದ್ಯಲ್ಲೋ!" ಡ್ರಮ್ಮಿನವನು ಕೂತಲ್ಲಿಂದ ಎದ್ದು ನಿಂತ. "ನಾಲ್ಕು ದಿನದಿಂದ ನಾನು ಬರೀ ಬ್ರೆಡ್ ತಿಂತಿದೀನಿ! ನನ್ ಡ್ರಮ್ಮಿಗೆ ಕಂಬಳಿ ಹೊದಿಸಿದ್ರು, ಆಗ್ಲೂ ಬಾಯಿ ಬಿಡ್ಲಿಲ್ಲ ನೀನು!"

"ಅದ್ರಿಂದಾನೇ ಸೌಂಡ್ ಬರ್ತಿದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ನಿನ್ ಕೈಗೆ ಸಿಕ್ಕಿದ್ರೆ ಒಂದೇ ಹೊತ್ತಿಗೆ ಮುಗಿಸ್ತಿದ್ದೆ, ಅದಕ್ಕೆ ಇಟ್ಟೆ."

ಕಾಕಾ ಒಂದು ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡು, ಗಾಲಿಯ ದನಿ ಕೇಳುವಷ್ಟೇ ಗಂಭೀರವಾಗಿ ಸವಿದರು. "ಬಳ್ಳೊಳ್ಳಿ ಸ್ವಲ್ಪ ಕಡಿಮಿ ಆಗೇತಿ" ಎಂದರು. ಗಿಟಾರಿನವನು ಮತ್ತೆ ಆ ಸ್ವರ ಮೀಟಿದ. ಸದ್ದು ಶುದ್ಧವಾಗಿತ್ತು. ಹನ್ನೊಂದು ವರ್ಷದ ಅನುಭವ ಇಟ್ಟುಕೊಂಡು ನಾನು ಡ್ರಮ್ಮಿನಿಂದ ಟೇಪು ಬಿಚ್ಚಲು ಕೂತೆ. ಡ್ರಮ್ಮಿನವನು ನೆರವಿಗೆ ಬರಲಿಲ್ಲ, ನಿಂತು ನೋಡಿದ. ಅದು ಅವನ ಹಕ್ಕು.

ಇನ್ನು ಕಾಕಾ ನಮ್ಮವರಾದರು ಎಂದುಕೊಂಡೆ. "ಝರ್ ಹೋತು, ಚಲೋ ಆತು," ಎಂದರು ಅವರು ಕೈ ಝಾಡಿಸುತ್ತ. "ಆದ್ರ ನನ್ನ ಗದ್ದಲ ಹಂಗ ಐತಿ. ಮನಿಗೆ ಬಾ, ತೋರಸ್ತೀನಿ."

ಅವರ ಫ್ಲಾಟು ಏಳನೇ ಮಹಡಿಯಲ್ಲಿ. ಯಾರ್ಡಿನ ಗದ್ದಲದಿಂದ ಪಾರಾಗಿ ನೆಮ್ಮದಿಯಿಂದಿರೋಣವೆಂದು ಇಲ್ಲಿ ಮನೆ ಕೊಂಡರೆ, ಎರಡು ವರ್ಷಕ್ಕೆ ಎದುರಿಗೆ ಮಾಲು ಎದ್ದಿತು ಎಂದು ಲಿಫ್ಟಿನಲ್ಲಿ ಹೇಳಿದರು. ಅವರ ಹೆಂಡತಿ, ಅಂದರೆ ಕಾಕು, ಬಾಗಿಲು ತೆಗೆದು, ನಾನು ಯಾರು ಏನೆಂದು ಕೇಳದೆ ಮೊದಲು ನೀರು ಕೊಟ್ಟರು. ಆಮೇಲೆ ಅಡಿಗೆಮನೆಗೆ ಕರೆದೊಯ್ದರು. ಗೋಡೆಗೆ ಮೊಳೆ ಹೊಡೆದ ಸ್ಟೀಲಿನ ಸ್ಟ್ಯಾಂಡು. ಅದರಲ್ಲಿ ಮೇಲೆ ಲೋಟಗಳು, ನಡುವೆ ವಾಟಗಾ ಎಂಬ ಸಣ್ಣ ಬಟ್ಟಲುಗಳು, ಕೆಳಗೆ ಅಡ್ಡ ನಿಲ್ಲಿಸಿದ ತಾಟುಗಳು. ಕೆಳಗೆ ಹಾಡುವವನು ಬೇಸ್ ಗಿಟಾರು ಬಾರಿಸುತ್ತಿದ್ದ. ಇಡೀ ಸ್ಟ್ಯಾಂಡು ಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು.

"ಮುಂಜಾನಿ ತೊಳದಿಟ್ಟದ್ದೆಲ್ಲಾ ಕುಣದು ಕೆಳಗ ಬೀಳಾಕತ್ತಾವ," ಎಂದರು ಕಾಕು.

ನಿಜ ಹೇಳಬೇಕೆಂದರೆ ಹನ್ನೊಂದು ವರ್ಷದಲ್ಲಿ ನಾನು ಯಾವತ್ತೂ ತಕರಾರು ಕೊಟ್ಟವರ ಮನೆಗೆ ಹೋಗಿ ನಿಂತವಳಲ್ಲ. ಮಿಕ್ಸರಿನ ಮುಂದೆ ಸೊಗಸಾಗಿ ಕೇಳುವುದು ಏಳನೇ ಮಹಡಿಯಲ್ಲಿ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಕೆಳಗೆ ಫೋನು ಮಾಡಿದೆ. ಮಿಕ್ಸರಿನ ಮುಂದೆ ಡ್ರಮ್ಮಿನವನನ್ನು ನಿಲ್ಲಿಸಿದೆ. ನಾಲ್ಕು ದಿನದ ಅವಮಾನಕ್ಕೆ ಪರಿಹಾರ ಸಿಕ್ಕಿದಂತೆ ಅವನು "ಹೇಳಿ ಅಕ್ಕ" ಎಂದ. ಕಟ್ಟಡದ ಕಡೆ ಮುಖ ಮಾಡಿದ್ದ ದೊಡ್ಡ ಸ್ಪೀಕರನ್ನು ಹುಡುಗರಿಂದ ಒಳಕ್ಕೆ ತಿರುಗಿಸಿದೆ. ಆಮೇಲೆ ತೀರ ತಗ್ಗಿನ ಸ್ವರಗಳನ್ನು ಒಂದೊಂದಾಗಿ ಇಳಿಸುವ ಕೆಲಸ.

ತೀರ್ಪು ಕಾಕುವಿನದು. ಸ್ಟ್ಯಾಂಡಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಲೋಟಾ ಸುಮ್ಮನಾದ್ವು. ವಾಟಗಾ ಇನ್ನೂ ಮಾತಾಡ್ತಾವ."

"ಇನ್ನೂ ಸ್ವಲ್ಪ ಇಳಿಸು," ಎಂದೆ ಫೋನಿಗೆ.

"ವಾಟಗಾನೂ ಸುಮ್ಮನಾದ್ವು. ತಾಟು ಕೇಳವಲ್ಲವು."

"ಅದರ ಮೇಲಿನದು ಇಳಿಸು. ಅಲ್ಲ, ಎಡಗಡೆಯದು."

"ಹಾಂ. ಒಂದ ತಾಟು ಉಳದೈತಿ. ಅದು ಬಿಡು, ಅದು ನಮ್ಮತ್ತಿ ಕೊಟ್ಟದ್ದು, ಅದರ ಸ್ವಭಾವನ ಹಂಗ."

ಕಾಕಾ ಬಾಗಿಲಲ್ಲಿ ನಿಂತು ಏನೂ ಕೇಳದವರಂತೆ ಚಾವಣಿ ನೋಡುತ್ತಿದ್ದರು. ಚಹಾ ಬಂತು. ಕುಡಿಯುತ್ತ ಕಿಟಕಿಯಲ್ಲಿ ನಿಂತಾಗ ಕೆಳಗಿನಿಂದ ಹಾಡು ಈಗ ತಿಳಿಯಾಗಿ ಮೇಲೆ ಬರುತ್ತಿತ್ತು. ಕಾಕು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು.

"ಯಾವ ಭಾಷಾ ಇದು?"

"ಕನ್ನಡ ರೀ."

"ಹೌದ?" ಎಂದು ಗಂಡನ ಮುಖ ನೋಡಿದರು. ಆ ಒಂದು "ಹೌದ" ಕಾಕಾನ ಮನಸ್ಸಿನಲ್ಲಿ ಏನೋ ಕೆಲಸ ಮಾಡಿತು. ನನ್ನ ಜೊತೆಗೇ ಕೆಳಗಿಳಿದು ಬಂದು ಹಾಡುವವನ ಎದುರು ಕುರ್ಚಿ ಹಾಕಿ ಕೂತರು.

"ತಮ್ಮಾ, ಬಾಜಾ ಬಜಂತ್ರಿ ಏನೂ ಬ್ಯಾಡ. ಆ ಹಾಡು ಬರೇ ಬಾಯಿಲೆ ಹೇಳು."

ಅವನು ನಕ್ಕ. ಕಾಕಾ ನಗಲಿಲ್ಲ. ಹುಡುಗ ಗಂಟಲು ಸರಿಮಾಡಿಕೊಂಡು ಶಾಲೆಯಲ್ಲಿ ಪದ್ಯ ಒಪ್ಪಿಸುವವನ ಹಾಗೆ ಮೊದಲ ಚರಣ ಹೇಳಿದ. ಮಳೆ ಬಾರದ ಆಕಾಶ, ತಪ್ಪಿದ ಬಸ್ಸು, ಹೀಗೆ ಏನೋ ಇತ್ತು; ಕೆಟ್ಟದಾಗಿರಲಿಲ್ಲ. ಕಾಕಾ ತಲೆದೂಗಿದರು. "ಮುಂದಿಂದು?"

"ಮುಂದೆ..." ಎಂದು ಅವನು ಗಿಟಾರಿನವನನ್ನು ನೋಡಿದ. ಗಿಟಾರಿನವನು ಡ್ರಮ್ಮಿನವನನ್ನು ನೋಡಿದ. "ಆಕ್ಚುವಲಿ ಅಂಕಲ್, ಎರಡನೇ ಚರಣ ಬರ್ದೇ ಇಲ್ಲ. ಮೊದಲನೇ ಶೋ ಟೈಮಲ್ಲಿ ಅರ್ಜೆಂಟಿತ್ತು. ಆಗ ಸುಮ್ನೆ ಏನೋ ಬಾಯಿಗೆ ಬಂದಿದ್ದು ಹಾಡ್ಬಿಟ್ಟೆ."

"ಏನ್ ಬಂತು?"

"ಯಾನ ವೋಯಾ ರೇ ಸಾನಾ... ಆ ಥರ."

"ಎಷ್ಟ ದಿನ ಆತು?"

"ಎರಡು ವರ್ಷ."

"ಮಂದಿ ಏನೂ ಅನ್ನಲಿಲ್ಲ?"

"ಇಲ್ಲ ಅಂಕಲ್. ಕೈ ಎತ್ತಿ ಜೊತೆಗೆ ಹಾಡ್ತಾರೆ."

ಆ ಹಾಡನ್ನು ಹುಬ್ಬಳ್ಳಿಯಲ್ಲೂ ಪುಣೆಯಲ್ಲೂ ನಾನೇ ಸಭೆಗೆ ದಾಟಿಸಿದ್ದೆ. ಎರಡನೇ ಚರಣದ ಪ್ರತಿ ಅಕ್ಷರವೂ ಸ್ಪಷ್ಟವಾಗಿ ಕೇಳಲೆಂದು ಗುಂಡಿಗಳನ್ನು ತಿರುವಿದ್ದೆ. ಅಕ್ಷರಗಳು ಸ್ಪಷ್ಟವಾಗಿಯೇ ಕೇಳಿದ್ದವು. ಅರ್ಥವಿಲ್ಲ ಎಂಬುದು ಮಾತ್ರ ನನ್ನ ಗಮನಕ್ಕೆ ಬಂದಿರಲಿಲ್ಲ.

ಅಂದಿನ ಸಂಜೆ ಕಾಕಾ ನನ್ನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಪೂರ್ತಿ ಕಾರ್ಯಕ್ರಮ ಕೇಳಿದರು. ಸೊಸೈಟಿಯಿಂದ ತಕರಾರಿಗೆಂದು ಫೋನು ಮಾಡಿದವರಿಗೆಲ್ಲ "ಮೀ ಇಥೇಚ್ ಆಹೇ, ಬಘತೋಯ್" ಎಂದು, ಇಲ್ಲೇ ಇದ್ದೇನೆ, ನೋಡುತ್ತಿದ್ದೇನೆ ಎಂದು ಭರವಸೆ ಕೊಟ್ಟರು. ಆ ಹಾಡಿನ ಎರಡನೇ ಚರಣ ಬಂದಾಗ ಮುಂದಿನ ಸಾಲಿನ ಕಾಲೇಜು ಹುಡುಗಿಯರು ಕೈ ಎತ್ತಿ "ಯಾನ ವೋಯಾ" ಎಂದು ಹಾಡಿದರು. ಕಾಕಾ ನನ್ನ ಕಡೆ ಬಾಗಿ, "ಹುಡುಗ ಖರೇನ ಹೇಳ್ಯಾನ" ಎಂದರು.

ಎರಡು ದಿನ ಬಿಟ್ಟು ಕಲ್ಯಾಣದಲ್ಲಿ ಕಾರ್ಯಕ್ರಮ. ಜಾಗ ನೋಡಿದೊಡನೆ ಇಲ್ಲಿ ಸಣ್ಣ ದನಿಯ ಹಾಡು ಉಳಿಯದು ಎಂದುಕೊಂಡೆ. ಕಾಲೇಜಿನ ಮೈದಾನ, ಅದರ ಕಾಂಪೌಂಡಿನ ಆಚೆಗೇ ರೈಲು ಹಳಿ. ಐದು ಗಂಟೆಗೆ ಶುರುವಾಗಬೇಕು. ನಾಲ್ಕೂವರೆಗೆ ಕಾಕಾ ಪ್ರತ್ಯಕ್ಷರಾದರು. ಠಾಣೆ ಸ್ಟೇಷನ್ನಿನವರೆಗೆ ಬಸ್ಸು, ಅಲ್ಲಿಂದ ಲೋಕಲ್ ಹಿಡಿದು ಬಂದಿದ್ದರು. ಕೈಯಲ್ಲಿ ಒಂದು ಡಬ್ಬಿ. ಕಾಕು ಬೆಳ್ಳುಳ್ಳಿ ಜಾಸ್ತಿ ಹಾಕಿ ಮಾಡಿದ ಶೇಂಗಾ ಚಟ್ನಿ. ನೇರ ಡ್ರಮ್ಮಿನವನ ಕೈಗೆ ಕೊಟ್ಟರು.

"ನಿಮ್ಮ ಆ ಸಣ್ಣ ದನಿ ಹಾಡು ಐತಲ್ಲ, ಗಿಟಾರ ಒಂದ ಬಾರಸೂದು, ಅದು ಯಾವಾಗ?" ಎಂದು ಕೇಳಿದರು.

ಆರನೆಯದು ಎಂದೆ.

"ನಾ ಹೇಳೂತನಾ ಅದನ್ನ ಸುರು ಮಾಡಬ್ಯಾಡ್ರಿ."

ಐದು ಹಾಡು ಮುಗಿದವು. ಹಾಡುವವನು ನನ್ನ ಕಡೆ ನೋಡಿದ. ನಾನು ಕಾಕಾನ ಕಡೆ ನೋಡಿದೆ. ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. "ತಡಿ. ಫಾಸ್ಟ್ ಲೋಕಲ್ ಬರಾಕತ್ತೈತಿ." ಅರ್ಧ ನಿಮಿಷಕ್ಕೆ ಬಂತು, ಹೋಯಿತು. "ಇನ್ನೂ ತಡಿ. ಮಾಲಗಾಡಿ ಐತಿ ಹಿಂದ." ನನಗೆ ಏನೂ ಕೇಳಿಸಿರಲಿಲ್ಲ. ವೇದಿಕೆಯ ಮೇಲೆ ಹಾಡುವವನಿಗೆ ಮಾತಾಡಿ ಹೊತ್ತು ಕಳೆಯದೆ ಗತಿಯಿರಲಿಲ್ಲ. ಬೆಂಗಳೂರಿನ ಟ್ರಾಫಿಕ್ಕು ಹೇಳಿದ, ತನ್ನ ಅಜ್ಜಿಯ ವಿಷಯ ಹೇಳಿದ, ಕಲ್ಯಾಣದ ವಡಾಪಾವ್ ಹೊಗಳಿದ, ಮತ್ತೆ ಅಜ್ಜಿಗೇ ಬಂದ. ಮಾಲಗಾಡಿ ಬಂದೇ ಬಂತು, ಅರವತ್ತು ಡಬ್ಬಿಯಾದರೂ ಇರಬೇಕು, ನಿಧಾನವಾಗಿ, ನೆಲ ನಡುಗಿಸುತ್ತ ಹಾದುಹೋಯಿತು. ಕಾಕಾ ಕೈ ಎತ್ತಿ ಹಸಿರು ಬಾವುಟ ತೋರಿಸಿದ ಹಾಗೆ ಬೀಸಿದರು. "ಬಿಡು. ಆರು ಮಿನಿಟು ನಿಂದು."

ಹಾಡು ಐದೂವರೆ ನಿಮಿಷದ್ದು. ಅಷ್ಟು ದೊಡ್ಡ ಮೈದಾನದಲ್ಲಿ ಬರಿಯ ಒಂದು ಗಿಟಾರು, ಒಂದು ದನಿ. ಆ ಹುಡುಗ ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮುಗಿದು ಚಪ್ಪಾಳೆ ಏಳುವ ಹೊತ್ತಿಗೆ ಕಾಂಪೌಂಡಿನ ಆಚೆ ಇನ್ನೊಂದು ಲೋಕಲ್ ಓಡಿತು. ಕಾಕಾನನ್ನು ಅಭಿನಂದಿಸಲೆಂದು ತಿರುಗಿದರೆ ಕುರ್ಚಿ ಖಾಲಿ.

ಮೈದಾನದ ಅಂಚಿಗೆ ಹೋಗಿ ಒಂದು ಕಿವಿ ಮುಚ್ಚಿಕೊಂಡು ಫೋನಿನಲ್ಲಿ ಗಟ್ಟಿಯಾಗಿ ಮರಾಠಿ ಮಾತಾಡುತ್ತಿದ್ದರು. ವಾಪಸು ಬಂದಾಗ ಮುಖ ಬೇರೆಯಾಗಿತ್ತು. ಹಾದುಹೋದ ಲೋಕಲಿನ ಹಿಂದಿನ ಡಬ್ಬಿಯೊಂದರ ಗಾಲಿ ಒಂದು ಕಡೆ ಸವೆದು ಚಪ್ಪಟೆಯಾಗಿದೆ, ಸುತ್ತು ಸುತ್ತಿಗೂ ಹಳಿಗೆ ಏಟು ಕೊಡುತ್ತಿದೆ ಎಂದರು. ಯಾರ್ಡಿನಲ್ಲಿರುವ ಹಳೆಯ ಜೊತೆಗಾರನಿಗೆ ತಿಳಿಸಿದ್ದರು.

"ಅವ ಏನಂದ ಗೊತ್ತೇನು? ‘ಕಾಕಾ, ನೀವು ರಿಟೈರ್ ಆಗೀರಲ್ಲ’ ಅಂದ. ನಾ ಆಗೀನಪಾ, ಗಾಲಿ ಆಗಿಲ್ಲ, ಹೋಗಿ ನೋಡು ಅಂದೆ."

ಉಳಿದ ಕಾರ್ಯಕ್ರಮವನ್ನು ಅವರು ಕೇಳಲಿಲ್ಲ. ಕೂತಿದ್ದರು, ಆದರೆ ಕೇಳುತ್ತಿರಲಿಲ್ಲ. ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ನಾನು ಎರಡು ಸಲ ನೀರು ಕೊಟ್ಟೆ, ಎರಡು ಸಲವೂ ಕುಡಿಯದೆ ಕೆಳಗಿಟ್ಟರು. ಮರುದಿನ ಬೆಳಿಗ್ಗೆ ನಾನು ಮನೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದಾಗ ಅವರ ಫೋನು ಬಂತು. ಹಲೋ ಕೂಡ ಅನ್ನಲಿಲ್ಲ. "ಸಿಕ್ತು" ಎಂದರು. ಆ ಲೋಕಲಿನ ಡಬ್ಬಿಯನ್ನು ಬದಿಗೆ ತೆಗೆದಿದ್ದಾರಂತೆ. ಅವ್ವ ಪಕ್ಕದಿಂದ "ಯಾರದು, ಏನ್ ಸಿಕ್ತು?" ಎಂದು ಕೇಳುತ್ತಿದ್ದಳು. ಗಾಲಿ ಎಂದೆ. ಮೈಕಿನ ಕೆಲಸದಲ್ಲಿ ಗಾಲಿ ಎಲ್ಲಿಂದ ಬಂತೆಂದು ಅವಳಿಗೆ ತಿಳಿಯಲಿಲ್ಲ. ತಿಳಿಸಲು ಅರ್ಧ ಗಂಟೆ ಹಿಡಿಯಿತು.

ವಾಶಿಯ ಕಾರ್ಯಕ್ರಮದ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಎಲ್ಲ ಸರಿಯಾಗಿತ್ತು, ಯಾರೂ ಹಿಂದಕ್ಕೆ ತಿರುಗಲಿಲ್ಲ. ಹಾಡುವವನು ವ್ಯಾನಿನಲ್ಲಿ ಕೂತು ಎರಡನೇ ಚರಣ ಬರೆದಿದ್ದ. ಅದನ್ನು ಹಾಡಿದಾಗ ಸಭೆ ಒಂದಿಷ್ಟು ಗಲಿಬಿಲಿಗೊಂಡಿತು. ಅರ್ಥವುಳ್ಳ ಮಾತು ಬಂದದ್ದರಿಂದ ಜೊತೆಗೆ ಹಾಡಲು ಅವರಿಗೆ ಬರಲಿಲ್ಲ. ಈಗ ಆ ಹುಡುಗರು ಹಾಡನ್ನು ಎರಡು ಸಲ ಹಾಡುತ್ತಾರೆ: ಒಂದು ಸಲ ಅರ್ಥ ಸಹಿತ, ಒಂದು ಸಲ ಅರ್ಥ ರಹಿತ.

ಬ್ಯಾಂಡು ಊರಿಗೆ ಮರಳಿತು. ಜನವರಿಯಲ್ಲಿ ಕಾಕಾ ಮತ್ತೆ ಫೋನು ಮಾಡಿದರು. ಸೊಸೈಟಿಯ ವಾರ್ಷಿಕ ಸ್ನೇಹಸಮ್ಮೇಳನ; ಸೌಂಡು ನೀನೇ ನೋಡಿಕೊಳ್ಳಬೇಕು ಎಂದರು. ಮಕ್ಕಳ ಕುಣಿತ, ಹೆಂಗಸರ ಹಾಡು, ಬಟಾಟೆವಡೆ, ಮತ್ತು ಅಧ್ಯಕ್ಷರ ಭಾಷಣ. ಕೊನೆಯದನ್ನು ಹೇಳುವಾಗ ಅವರ ದನಿ ಇಳಿಯಿತು.

ಹೋದ ಮೇಲೆ ತಿಳಿಯಿತು. ಅಧ್ಯಕ್ಷರು ನೀರಿನ ಟ್ಯಾಂಕಿನ ಇತಿಹಾಸದಿಂದ ಶುರುಮಾಡಿದರೆ ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲದೆ ಮಾತಾಡುವವರು. ಅವರು ಮುಗಿಸುವವರೆಗೆ ವಡೆ ಬಡಿಸುವಂತಿಲ್ಲ. ಅಷ್ಟರಲ್ಲಿ ವಡೆ ಆರಿ, ಮಕ್ಕಳು ಅತ್ತು, ಪ್ರತಿ ವರ್ಷವೂ ಜಗಳ. ಕಾಕಾ ನನ್ನ ಪಕ್ಕಕ್ಕೆ ಬಂದು ನಿಂತು, "ಏನರ ಮಾಡಾಕ ಬರ್ತೈತೇನು ತಂಗಿ?" ಎಂದು ಕೇಳಿದರು, ಬಾಯಿ ಹೆಚ್ಚು ತೆರೆಯದೆ.

ಮಾಡಲು ಬರುತ್ತಿತ್ತು. ಭಾಷಣ ಮಾಡುವವರ ಕಾಲ ಬಳಿ ಒಂದು ಚಿಕ್ಕ ಸ್ಪೀಕರು ಇಡುತ್ತೇವೆ, ಅವರ ದನಿ ಅವರಿಗೇ ಕೇಳಲಿ ಎಂದು. ಅದನ್ನು ಸ್ವಲ್ಪ ಏರಿಸಿದೆ. ಅಧ್ಯಕ್ಷರು ಟ್ಯಾಂಕಿನ ಅಡಿಪಾಯಕ್ಕೆ ಬಂದಾಗ ಸಭೆಯ ಕಡೆಯ ದೊಡ್ಡ ಸ್ಪೀಕರುಗಳನ್ನು ಮೆಲ್ಲಗೆ, ಯಾರಿಗೂ ಅಂದಾಜಾಗದಷ್ಟು ಮೆಲ್ಲಗೆ ಇಳಿಸುತ್ತ ಹೋದೆ. ಮೂರು ನಿಮಿಷದಲ್ಲಿ ಸಭೆಗೆ ಏನೂ ಕೇಳದಾಯಿತು. ಅವರಿಗೆ ಮಾತ್ರ ತಮ್ಮ ದನಿ ಗುಡುಗಿನಂತೆ ಕೇಳುತ್ತಿತ್ತು. ವೇದಿಕೆಯ ದೀಪಗಳ ಬೆಳಕಿನಲ್ಲಿ ಸಭೆ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ; ಕಾಕು ಹಿಂದಿನ ಸಾಲಿನಿಂದ ವಡೆ ಹಂಚಲು ಶುರುಮಾಡಿದರು. ಜನ ಬಿಸಿ ವಡೆ ತಿನ್ನುತ್ತ, ಕೈ ಬೀಸಿ ಬೀಸಿ ಬಾಯಾಡಿಸುತ್ತಿದ್ದ ಅಧ್ಯಕ್ಷರನ್ನು ಪ್ರೀತಿಯಿಂದ ನೋಡಿದರು. ಅವರು ಮುಗಿಸಿದಾಗ ಹೊಟ್ಟೆ ತುಂಬಿದ ಸಭೆ ದೀರ್ಘ ಚಪ್ಪಾಳೆ ತಟ್ಟಿತು.

ಇಳಿದು ಬಂದ ಅಧ್ಯಕ್ಷರು ನೇರ ನನ್ನ ಬಳಿಗೆ ಬಂದರು. ಸಿಕ್ಕಿಬಿದ್ದೆನೆಂದುಕೊಂಡೆ. ಅವರ ಕಣ್ಣು ತೇವವಾಗಿತ್ತು. ಇಷ್ಟು ವರ್ಷದಲ್ಲಿ ಜನ ಒಬ್ಬರೂ ನಡುವೆ ಎದ್ದು ಹೋಗದೆ, ಗದ್ದಲ ಮಾಡದೆ ತಮ್ಮ ಮಾತು ಕೇಳಿದ್ದು ಇದೇ ಮೊದಲು ಎಂದರು. ಒಳ್ಳೆಯ ಸೌಂಡಿನಿಂದ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ ಎಂದು ಕಾಕಾನಿಗೆ ಹೇಳಿದರು. ಕಾಕಾ ಅತಿ ಗಂಭೀರವಾಗಿ ಹೌದೆಂದರು.

ಪಕ್ಕದ ಕಾಂಪ್ಲೆಕ್ಸಿನವರೂ ನನ್ನನ್ನು ಕರೆದಿದ್ದಾರೆ. ಅವರ ಅಧ್ಯಕ್ಷರು ಕವಿತೆಯನ್ನೂ ಓದುತ್ತಾರಂತೆ.